ಹೃದಯಕ್ಕೆ ಯಾವ ರಕ್ತಪರೀಕ್ಷೆ?

ಹಾಸನದ ಲ್ಯಾಬೊಂದರ ಬೆಂಚಿನ ಮೇಲೆ ರಿಪೋರ್ಟ್ ಹಿಡಿದು ನಮ್ಮ ಭಾವ ಕೇಳಿದರು: "ಪ್ಲೇಟ್‌ಲೆಟ್ 2.4 ಲಕ್ಷ ಇದೆ, ಹಾರ್ಟಿಗೆ ತೊಂದರೆ ಇಲ್ಲ ಅಲ್ವಾ?" ಅದು ಡೆಂಗಿ ಬಂದಾಗ ನೋಡುವ ಲೆಕ್ಕ, ಭಾವ.

ಹೃದಯದ ವಿಷಯಕ್ಕೆ ಬಂದರೆ, ಪ್ಲೇಟ್‌ಲೆಟ್‌ಗಳು (ರಕ್ತ ಹೆಪ್ಪುಗಟ್ಟಿಸುವ ಕಣಗಳು) ಎಷ್ಟಿವೆ ಅನ್ನೋದಕ್ಕಿಂತ ಯಾವುದಕ್ಕೆ ಅಂಟಿಕೊಂಡಿವೆ ಅನ್ನೋದು ಮುಖ್ಯ. ಕೆರಳಿದ ಪ್ಲೇಟ್‌ಲೆಟ್ ಮೈಮೇಲೆ ಪಿ-ಸೆಲೆಕ್ಟಿನ್ ಎಂಬ ಕೊಕ್ಕೆ ಮೂಡುತ್ತದೆ. ಮಾನೋಸೈಟ್ ಎಂಬ ಬಿಳಿ ರಕ್ತಕಣ ಅದಕ್ಕೆ ಸಿಕ್ಕಿಕೊಳ್ಳುತ್ತದೆ. ಹಾರ್ಟ್ ಅಟ್ಯಾಕ್ ಆದವರಲ್ಲಿ ಇಂಥ ಜೋಡಿಗಳು ಜಾಸ್ತಿ. ಆದರೆ ಎಣಿಸಲು ಫ್ಲೋ ಸೈಟೋಮೀಟರ್ ಎಂಬ, ಕಣಗಳನ್ನು ಒಂದೊಂದಾಗಿ ಗುರುತಿಸುವ ಯಂತ್ರ ಬೇಕು, ರಕ್ತ ತಾಜಾ ಇರಬೇಕು. ಟ್ಯೂಬಿನಲ್ಲಿ ಹೊತ್ತಾದರೆ ಸುಮ್ನೆ ಅಂಟಿಕೊಂಡುಬಿಡುತ್ತವೆ. ಸದ್ಯಕ್ಕೆ ಇದು ಸಂಶೋಧಕರ ಪರೀಕ್ಷೆ.

ಮೈಯೊಳಗಿನ ಉರಿಯೂತ ಎಷ್ಟಿದೆ ಅಂತ ತೋರಿಸುವ ಎಚ್‌ಎಸ್-ಸಿಆರ್‌ಪಿ ರಕ್ತಪರೀಕ್ಷೆ ಸುಲಭ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, 3 ದಾಟಿದರೆ ಎಚ್ಚರ. ನೆಗಡಿ, ಜ್ವರ ಇದ್ದಾಗ ಮಾತ್ರ ಬೇಡ.

ನಾನಾದರೆ ಮೊದಲು ಬಿಪಿ, ಶುಗರ್, ಲಿಪಿಡ್ (ಕೊಲೆಸ್ಟ್ರಾಲ್ ಮುಂತಾದ ಕೊಬ್ಬು) ನೋಡಿಸುತ್ತೇನೆ. ಆಮೇಲೂ ಅನುಮಾನ ಇದ್ದರೆ ಡಾಕ್ಟರನ್ನು ಕೇಳಿ ಸಿಆರ್‌ಪಿ. ಎದೆನೋವಿದ್ದರೆ ಲ್ಯಾಬಿಗಲ್ಲ, ನೇರ ಆಸ್ಪತ್ರೆಗೆ. ಅಲ್ಲಿ ಇಸಿಜಿ ಮತ್ತು ಹೃದಯದ ಸ್ನಾಯುವಿಗೆ ಪೆಟ್ಟಾದಾಗ ರಕ್ತಕ್ಕೆ ಸೇರುವ ಟ್ರೋಪೋನಿನ್ ನೋಡುತ್ತಾರೆ.