ಸಾಲ್ಟ್ ಕ್ಲೋರಿನೇಟರ್ ದೀರ್ಘ ಬಳಕೆಯ ವಿಮರ್ಶೆ: ಉಪ್ಪಿಗಿಂತ ಗಡಸು ನೀರಿನದ್ದೇ ಕಾಟ

ಈಜುಕೊಳದ ನೀರಿನಲ್ಲಿ ಕರಗಿದ ಉಪ್ಪಿನಿಂದಲೇ ಕ್ಲೋರಿನ್ ತಯಾರಿಸುವ ಯಂತ್ರ ಇದು. ಕೆಲಸ ಮಾಡುತ್ತದೆ, ಅದರಲ್ಲಿ ತಕರಾರಿಲ್ಲ. ದಿನಾ ಕ್ಲೋರಿನ್ ಅಳೆದು ಸುರಿಯುವ ಕೆಲಸ ತಪ್ಪುತ್ತದೆ, ನೀರೂ ಮೈಗೆ ಹಿತ. ಆದರೆ ಮಾರುವವರು ಹೇಳುವ ‘ಉಪ್ಪು ಹಾಕಿ, ಮರೆತುಬಿಡಿ’ ಎನ್ನುವ ಮಾತು ಮೆದು ನೀರು ಇರುವವರಿಗೆ ಮಾತ್ರ. ಕೊಳವೆಬಾವಿಯ ಗಡಸು ನೀರು ತುಂಬುವ ಕೊಳದಲ್ಲಿ ಸೆಲ್ (ಯಂತ್ರದಲ್ಲಿ ಕ್ಲೋರಿನ್ ಹುಟ್ಟುವ ಭಾಗ) ಎಷ್ಟು ವರ್ಷ ಬಾಳುತ್ತದೆ ಎಂಬುದನ್ನು ಕಂಪನಿಯ ಹೆಸರಿಗಿಂತ ಆ ನೀರಿನ ಕ್ಯಾಲ್ಸಿಯಂ ನಿರ್ಧರಿಸುತ್ತದೆ.

ಮೊದಲು ಉಪ್ಪಿನ ಲೆಕ್ಕ. ಬಹುತೇಕ ಯಂತ್ರಗಳು 3000ದಿಂದ 4000 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಇಷ್ಟು ಭಾಗ) ಉಪ್ಪು ಕೇಳುತ್ತವೆ. ಸಮುದ್ರದ ನೀರಿನಲ್ಲಿ ಇರುವುದು ಸುಮಾರು 35,000. ಸಾವಿರ ಲೀಟರಿಗೆ ಒಂದು ಪಿಪಿಎಂ ಎಂದರೆ ಒಂದು ಗ್ರಾಂ. 50,000 ಲೀಟರಿನ ಕೊಳವನ್ನು 3200ಕ್ಕೆ ತರಲು 160 ಕೆಜಿ ಬೇಕು. ಆದರೆ ಹಿಂದೆ ಲಿಕ್ವಿಡ್ ಕ್ಲೋರಿನ್ ಬಳಸುತ್ತಿದ್ದ ಕೊಳದಲ್ಲಿ ಆಗಲೇ ಒಂದಷ್ಟು ಉಪ್ಪು ಸೇರಿರುತ್ತದೆ. ಪರೀಕ್ಷೆಯಲ್ಲಿ 600 ಬಂದರೆ 130 ಕೆಜಿ ಸಾಕು. ಮುಕ್ಕಾಲು ಭಾಗ ಹಾಕಿ, ಸೆಲ್ ಆಫ್ ಮಾಡಿ, ಪಂಪ್ ಮಾತ್ರ 24 ಗಂಟೆ ಓಡಿಸಿ, ಮತ್ತೆ ಅಳೆದು ಉಳಿದದ್ದು ಹಾಕಿ. ಹೆಚ್ಚಾದರೆ ನೀರು ಚೆಲ್ಲದೆ ಬೇರೆ ದಾರಿಯಿಲ್ಲ. ತೇಲುವ ಕಸ ಎಳೆದುಕೊಳ್ಳುವ ಸ್ಕಿಮ್ಮರ್‌ಗೆ ಸುರಿಯಬೇಡಿ. ಅಯೋಡಿನ್ ಬೆರೆಸಿದ ಅಡುಗೆ ಉಪ್ಪು ಬೇಡ, ಗಂಟು ಕಟ್ಟದಂತೆ ರಾಸಾಯನಿಕ ಸೇರಿಸಿದ್ದೂ ಬೇಡ. ಶುದ್ಧಗೊಳಿಸದ ಹರಳುಪ್ಪಿನ ಜೊತೆ ಮಣ್ಣು, ಮೆಗ್ನೀಷಿಯಂ, ಕ್ಯಾಲ್ಸಿಯಂ ಕೂಡ ಕೊಳಕ್ಕೆ ಇಳಿಯುತ್ತವೆ.

ಒಮ್ಮೆ ಹಾಕಿದ ಉಪ್ಪು ಖರ್ಚಾಗುವುದಿಲ್ಲ. ಸೆಲ್‌ನಲ್ಲಿ ಕ್ಲೋರಿನ್ ಆಗಿ, ಕೊಳೆ ಸುಟ್ಟು, ಮತ್ತೆ ಕ್ಲೋರೈಡ್ ಆಗಿಯೇ ನೀರಿಗೆ ಮರಳುತ್ತದೆ. ನೀರು ಆವಿಯಾದರೂ ಉಪ್ಪು ಉಳಿಯುತ್ತದೆ. ಕಡಿಮೆಯಾಗುವುದು ಬ್ಯಾಕ್‌ವಾಶ್ (ಫಿಲ್ಟರಿಗೆ ಹಿಮ್ಮುಖವಾಗಿ ನೀರು ಹಾಯಿಸಿ ತೊಳೆಯುವುದು), ಮಳೆಗೆ ತುಂಬಿ ಹರಿಯುವುದು, ಈಜುವವರು ಚೆಲ್ಲುವುದು, ಇಷ್ಟರಿಂದಲೇ. ಇವು ಯಾವುದೂ ಇಲ್ಲದೆ ಉಪ್ಪು ಇಳಿಯುತ್ತಿದ್ದರೆ ಕೊಳ ಸೋರುತ್ತಿದೆ ಎಂದರ್ಥ.

ಈಗ ಗಡಸುತನಕ್ಕೆ ಬರೋಣ. ಸೆಲ್‌ನೊಳಗೆ ಟೈಟಾನಿಯಂ ಪ್ಲೇಟುಗಳು ಕೆಲವೇ ಮಿಲಿಮೀಟರ್ ಅಂತರದಲ್ಲಿ ನಿಂತಿರುತ್ತವೆ, ಅವುಗಳ ಮೇಲೆ ರುಥೇನಿಯಂ ಅಥವಾ ಇರಿಡಿಯಂ ಆಕ್ಸೈಡ್‌ನ ತೆಳು ಲೇಪ. ಕರೆಂಟ್ ಹರಿದಾಗ ಒಂದು ಬದಿಯಲ್ಲಿ ಕ್ಲೋರಿನ್, ಇನ್ನೊಂದು ಬದಿಯಲ್ಲಿ ಹೈಡ್ರೋಜನ್ ಹುಟ್ಟುತ್ತದೆ. ಹೈಡ್ರೋಜನ್ ಹುಟ್ಟುವ ಬದಿಯಲ್ಲಿ ಪ್ಲೇಟಿಗೆ ಅಂಟಿದ ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) ಕೊಳದ ಪಿಎಚ್‌ಗಿಂತ ಬಹಳ ಮೇಲಿರುತ್ತದೆ. ಕ್ಯಾಲ್ಸಿಯಂ ಕಾರ್ಬೊನೇಟ್ ಗಟ್ಟಿಯಾಗಲು ಇಷ್ಟು ಸಾಕು. ಕೊಳದ ನೀರು ಪರೀಕ್ಷೆಯಲ್ಲಿ ಸರಿಯಾಗಿ ಕಂಡರೂ ಸೆಲ್‌ನೊಳಗೆ ಸುಣ್ಣ ಕಟ್ಟುವುದು ಇದಕ್ಕೇ. ನೀರು ಕೊಳಕ್ಕೆ ಮರಳುವ ಬಾಯಿಯ ಹತ್ತಿರ ಉಗುರಿನಷ್ಟು ತೆಳುವಾದ ಬಿಳಿ ಚಕ್ಕೆಗಳು ಕಂಡರೆ ಒಂದನ್ನು ಎತ್ತಿ ಅದರ ಮೇಲೆ ಆಸಿಡ್ ತೊಟ್ಟಿಕ್ಕಿ. ಬುಸುಬುಸು ನೊರೆ ಬಂದರೆ ಅದು ಸೆಲ್‌ನಿಂದ ಕಳಚಿ ಬಂದ ಸುಣ್ಣ. ಇದನ್ನು ‘ಕರಗದ ಉಪ್ಪು’ ಎಂದುಕೊಂಡು ಸುಮ್ಮನಿರುವವರು ಬಹಳ.

ಧ್ರುವ ಬದಲಿಸಿ ತಾನೇ ಸ್ವಚ್ಛಗೊಳಿಸಿಕೊಳ್ಳುವ ಸೌಲಭ್ಯ ಈಗ ಎಲ್ಲ ಯಂತ್ರಗಳಲ್ಲೂ ಇದೆಯೆನ್ನಬಹುದು. ಕೆಲವು ಗಂಟೆಗೊಮ್ಮೆ ಪ್ಲಸ್ ಮೈನಸ್ ಅದಲುಬದಲಾಗಿ ಸುಣ್ಣ ಕಳಚಿಕೊಳ್ಳುತ್ತದೆ. ತೆಳು ಪದರಕ್ಕೆ ಇದು ಸಾಕು. ಹರಳುಗಟ್ಟಿ ಎರಡು ಪ್ಲೇಟುಗಳ ನಡುವೆ ಸೇತುವೆ ಬೆಳೆದ ಮೇಲೆ ಇದರಿಂದ ಏನೂ ಆಗುವುದಿಲ್ಲ. ಪದೇಪದೇ ಧ್ರುವ ಬದಲಾದರೆ ಲೇಪವೂ ಸವೆಯುತ್ತದೆ.

ಗಡಸುತನ ಏರುವುದು ಕಣ್ಣಿಗೆ ಕಾಣದೆ. ಸರಾಸರಿ ಒಂದೂವರೆ ಮೀಟರ್ ಆಳದ ಕೊಳದಿಂದ ದಿನಕ್ಕೆ 5 ಮಿಲಿಮೀಟರ್ ಆವಿಯಾದರೆ, 300 ದಿನದಲ್ಲಿ ಒಂದು ಕೊಳದಷ್ಟು ನೀರು ಹೋಗಿರುತ್ತದೆ. ಅದರ ಬದಲಿಗೆ ತುಂಬಿದ ನೀರಿನ ಗಡಸುತನ 300 ಇದ್ದರೆ, ಏನೂ ಚೆಲ್ಲದ ಪಕ್ಷದಲ್ಲಿ, ಕೊಳದಲ್ಲಿ ಮೊದಲಿದ್ದದ್ದಕ್ಕೆ 300 ಸೇರಿತು. ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಪುಡಿಯಿಂದ ಶಾಕ್ ಕೊಡುತ್ತಿದ್ದರೆ (ಒಮ್ಮೆಲೇ ಹೆಚ್ಚು ಕ್ಲೋರಿನ್ ಹಾಕುವುದು) ಪ್ರತಿ 10 ಪಿಪಿಎಂ ಕ್ಲೋರಿನ್‌ಗೆ ಸುಮಾರು 7 ಪಿಪಿಎಂ ಗಡಸುತನ ಬೇರೆ. ಗಡಸು ನೀರಿನವರು ಶಾಕ್‌ಗೆ ಲಿಕ್ವಿಡ್ ಕ್ಲೋರಿನ್ ಹಿಡಿಯಲಿ. ಅದರಿಂದ ಸೇರುವುದು ಬರೀ ಉಪ್ಪು, ಅದು ಹೇಗೂ ಬೇಕಾದದ್ದೇ.

ಅಳೆಯುವಾಗ ಒಂದು ಎಡವಟ್ಟು ಸಾಮಾನ್ಯ. ಅನೇಕ ಟೆಸ್ಟ್ ಸ್ಟ್ರಿಪ್‌ಗಳು ತೋರಿಸುವುದು ಒಟ್ಟು ಗಡಸುತನ, ಅಂದರೆ ಮೆಗ್ನೀಷಿಯಂ ಕೂಡ ಸೇರಿದ್ದು. ನಮಗೆ ಬೇಕಿರುವುದು ಕ್ಯಾಲ್ಸಿಯಂ ಗಡಸುತನ. ಹನಿ ಲೆಕ್ಕದ ಕಿಟ್ ತೆಗೆದುಕೊಳ್ಳಿ, ಕೆಂಪು ಬಣ್ಣ ಪೂರ್ತಿ ನೀಲಿಗೆ ತಿರುಗುವವರೆಗೆ ಹನಿ ಎಣಿಸಿ. ಲ್ಯಾಬ್ ವರದಿಯಲ್ಲಿ ಬರೀ ‘ಕ್ಯಾಲ್ಸಿಯಂ’ ಎಂದಿದ್ದರೆ ಅದನ್ನು ಗಡಸುತನದ ಲೆಕ್ಕಕ್ಕೆ ತರಲು 2.5ರಿಂದ ಗುಣಿಸಿ.

ಸುಣ್ಣ ಕಟ್ಟುವುದನ್ನು ಗಡಸುತನ ಒಂದೇ ತೀರ್ಮಾನಿಸುವುದಿಲ್ಲ. ಪಿಎಚ್, ಆಲ್ಕಲಿನಿಟಿ (ಪಿಎಚ್ ಏರಿಳಿಯದಂತೆ ತಡೆಯುವ ಕ್ಷಾರದ ಪ್ರಮಾಣ), ಉಷ್ಣತೆ ಸೇರಿದ ಲ್ಯಾಂಗ್ಲಿಯರ್ ಸೂಚ್ಯಂಕ ನೋಡಬೇಕು. ಅದು ಸೊನ್ನೆಗಿಂತ ಮೇಲಾದರೆ ನೀರು ಸುಣ್ಣ ಕಟ್ಟುತ್ತದೆ, ಕೆಳಗಾದರೆ ಸುಣ್ಣ ಕರಗಿಸುತ್ತದೆ. ಪಿಎಚ್ 7.6, ಉಷ್ಣತೆ 29 ಡಿಗ್ರಿ ಸೆಲ್ಸಿಯಸ್ (ಕೋಷ್ಟಕದಲ್ಲಿ ಇದಕ್ಕೆ ಕೊಟ್ಟ ಅಂಶ 0.7), ಕ್ಯಾಲ್ಸಿಯಂ 300 (ಅಂಶ 2.1), ಆಲ್ಕಲಿನಿಟಿ 80ರಲ್ಲಿ ಸಯನ್ಯೂರಿಕ್ ಆಸಿಡ್ (ಬಿಸಿಲಿಗೆ ಕ್ಲೋರಿನ್ ಹಾಳಾಗದಂತೆ ಕಾಯುವುದು) 60ರ ಮೂರನೇ ಒಂದು ಭಾಗ ಕಳೆದರೆ 60 (ಅಂಶ 1.8). ಕೂಡಿದರೆ 12.2. ಉಪ್ಪಿನ ಕೊಳಕ್ಕೆ ಕಳೆಯಬೇಕಾದದ್ದೂ 12.2, ಹಾಗಾಗಿ ಸೂಚ್ಯಂಕ ಸೊನ್ನೆ. ಇದೇ ನೀರಿನಲ್ಲಿ ಕ್ಯಾಲ್ಸಿಯಂ 800 ಆಗಿ ಪಿಎಚ್ 8.2ಕ್ಕೆ ಏರಿದರೆ ಸೂಚ್ಯಂಕ ಪ್ಲಸ್ 1.0, ಸೆಲ್ ವಾರಗಳಲ್ಲಿ ಬೆಳ್ಳಗಾಗುತ್ತದೆ. ಉಪ್ಪಿನ ಕೊಳದಲ್ಲಿ ಸೊನ್ನೆಯಿಂದ ಮೈನಸ್ 0.3ರ ನಡುವೆ ಇರಿಸಿಕೊಳ್ಳುವುದು ಕ್ಷೇಮ.

ಪಿಎಚ್ ಏರುವುದು ಈ ಯಂತ್ರದ ಹುಟ್ಟುಗುಣ. ಹೈಡ್ರೋಜನ್ ಗುಳ್ಳೆಗಳು ನೀರನ್ನು ಕಲಕಿ ಕಾರ್ಬನ್ ಡೈಆಕ್ಸೈಡ್ ಹೊರಹಾಕುತ್ತವೆ. ಆಲ್ಕಲಿನಿಟಿ 120 ಇಟ್ಟುಕೊಂಡು ದಿನಾ ಆಸಿಡ್ ಸುರಿಯುವ ಬದಲು ಅದನ್ನೇ 60ರಿಂದ 80ಕ್ಕೆ ಇಳಿಸಿದರೆ ಅರ್ಧ ಜಗಳ ಮುಗಿಯಿತು. 50 ಪಿಪಿಎಂ ಬೋರಾನ್ ಕೂಡ ನೆರವಾಗುತ್ತದೆ, 10,000 ಲೀಟರಿಗೆ ಸುಮಾರು 2.9 ಕೆಜಿ ಬೋರಿಕ್ ಆಸಿಡ್. ಸಾಕುಪ್ರಾಣಿಗಳು ಕೊಳದ ನೀರು ಕುಡಿಯುವ ಕಡೆ ಇದು ಬೇಡ.

ಮೇಲ್ತುಂಬುವ ನೀರನ್ನು ಸಾಫ್ಟ್‌ನರ್ ಮೂಲಕ ಬಿಡುವುದೇ ಗಡಸು ನೀರಿಗೆ ನಿಜವಾದ ಪರಿಹಾರ. ಅದು ಕ್ಯಾಲ್ಸಿಯಂ ತೆಗೆದು ಸೋಡಿಯಂ ಕೊಡುತ್ತದೆ, ಆಲ್ಕಲಿನಿಟಿಯನ್ನು ಮುಟ್ಟುವುದಿಲ್ಲ. ಆದರೆ ಇಡೀ ಕೊಳವನ್ನು ಮೆದು ನೀರಿನಿಂದಲೇ ತುಂಬಿಸಿದರೆ ಸಿಮೆಂಟ್ ಪ್ಲಾಸ್ಟರ್ ಮತ್ತು ಟೈಲ್ಸ್ ಸಂದಿಯ ಗ್ರೌಟ್‌ನಿಂದ ನೀರು ತನಗೆ ಬೇಕಾದ ಕ್ಯಾಲ್ಸಿಯಂ ಎಳೆದುಕೊಳ್ಳುತ್ತದೆ, ಗೋಡೆ ಮರಳುಕಾಗದದಂತೆ ಒರಟಾಗುತ್ತದೆ. ಅಂಥ ಕೊಳಕ್ಕೆ 10,000 ಲೀಟರಿಗೆ 1.5 ಕೆಜಿಯಷ್ಟು ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್ ಹಾಕಿದರೆ ಗಡಸುತನ 100 ಏರುತ್ತದೆ. ಬಕೆಟ್ಟಿನ ನೀರಿಗೆ ಪುಡಿ ಹಾಕಿ. ಪುಡಿಯ ಮೇಲೆ ನೀರು ಸುರಿದರೆ ತುಂಬಾ ಬಿಸಿಯಾಗುತ್ತದೆ. ಫೈಬರ್ ಮತ್ತು ವಿನೈಲ್ ಕೊಳದವರಿಗೆ ಈ ಚಿಂತೆ ಅಷ್ಟಾಗಿ ಇಲ್ಲ.

ಸೆಲ್ ತೊಳೆಯುವುದು ಕೊನೆಯ ಮದ್ದು. ವಿದ್ಯುತ್ ಕಡಿದು ಸೆಲ್ ಬಿಚ್ಚಿ, ಮೊದಲು ಪೈಪಿನ ನೀರು ಹಾಯಿಸಿ, ಸಡಿಲವಾದದ್ದನ್ನು ಮರದ ಕಡ್ಡಿಯಿಂದ ತೆಗೆಯಿರಿ. ಸ್ಕ್ರೂಡ್ರೈವರ್ ಮುಟ್ಟಿಸಬೇಡಿ, ಗೀರಿದ ಕಡೆ ಲೇಪ ಹೋಯಿತು. ನಾಲ್ಕು ಪಾಲು ನೀರಿಗೆ ಒಂದು ಪಾಲು ಮ್ಯೂರಿಯಾಟಿಕ್ ಆಸಿಡ್, ಅಂದರೆ ಹೈಡ್ರೋಕ್ಲೋರಿಕ್ ಆಸಿಡ್, ಸುರಿದು (ನೀರಿಗೆ ಆಸಿಡ್, ತಲೆಕೆಳಗಾಗಿ ಅಲ್ಲ) ನೊರೆ ನಿಲ್ಲುವವರೆಗೆ ನೆನೆಸಿ, ಹೆಚ್ಚೆಂದರೆ 15 ನಿಮಿಷ. ಕನ್ನಡಕ, ಗ್ಲೌಸ್, ಗಾಳಿಯಾಡುವ ಜಾಗ. ತಿಂಗಳಿಗೊಮ್ಮೆ ತೊಳೆಯಬೇಕಾಗಿ ಬಂದರೆ ತಪ್ಪು ನೀರಿನಲ್ಲಿದೆ. ‘ಇರಲಿ’ ಎಂದು ವಾಡಿಕೆಗೆ ತೊಳೆಯುವುದಂತೂ ಸೆಲ್ ಆಯಸ್ಸು ಕಡಿಮೆ ಮಾಡಿಕೊಳ್ಳುವ ದಾರಿ.

‘ಉಪ್ಪು ಕಡಿಮೆ’ ಎಂಬ ದೀಪವನ್ನು ನಂಬಿ ಚೀಲ ಒಡೆಯಬೇಡಿ. ಯಂತ್ರ ನೋಡುವುದು ಕರೆಂಟ್ ಹರಿಯುವ ಸರಾಗವನ್ನು. ಪ್ಲೇಟಿಗೆ ಸುಣ್ಣ ಕಟ್ಟಿದರೂ, ನೀರು ತಣ್ಣಗಾದರೂ, ಲೇಪ ಮುಗಿದರೂ ಅದೇ ದೀಪ. ಬೇರೆ ಕಿಟ್‌ನಿಂದ ಅಳೆದು, ಸೆಲ್ ಬಿಚ್ಚಿ ನೋಡಿ, ಆಮೇಲೆ ಉಪ್ಪು.

ತುಕ್ಕಿನ ವಿಷಯದಲ್ಲಿ ಜನ ಹೆದರುವಷ್ಟು ಇಲ್ಲ, ಆದರೆ ಇದೆ. ಏಣಿ 316 ದರ್ಜೆಯ ಸ್ಟೀಲ್ ಇರಲಿ, ಹೀಟರ್‌ನೊಳಗೆ ಟೈಟಾನಿಯಂ ಇರಲಿ. ಅಂಚಿನ ಮೆದು ಸುಣ್ಣಕಲ್ಲು, ಮರಳುಗಲ್ಲಿನ ಮೇಲೆ ಎರಚಿದ ನೀರು ಒಣಗಿ ಉಪ್ಪು ಹರಳಾಗಿ ಕಲ್ಲನ್ನು ಒಳಗಿನಿಂದ ಪುಡಿ ಮಾಡುತ್ತದೆ. ಸಿಹಿನೀರಲ್ಲಿ ಆಗಾಗ ತೊಳೆಯಬೇಕು.

ಕೊಳ್ಳುವಾಗ: ಕೊಳದ ಗಾತ್ರದ ಒಂದೂವರೆಯಿಂದ ಎರಡು ಪಟ್ಟು ಸಾಮರ್ಥ್ಯದ ಸೆಲ್ ಆರಿಸಿ. ಸೆಲ್ ಬಾಳಿಕೆ ಗಂಟೆಗಳ ಲೆಕ್ಕ. 10,000 ಗಂಟೆಯ ಸೆಲ್ ದಿನಕ್ಕೆ 8 ಗಂಟೆ ಓಡಿದರೆ ಮೂರುವರೆ ವರ್ಷವೂ ಬರುವುದಿಲ್ಲ. ಪ್ಲೇಟು ಕಾಣುವಂತೆ ಪಾರದರ್ಶಕ ಕವಚ ಇದ್ದರೆ ಅದಕ್ಕೇ ಮೊದಲ ಮತ. ನೀರು ಹರಿಯದಿದ್ದಾಗ ಸೆಲ್ ನಿಲ್ಲಿಸುವ ಫ್ಲೋ ಸ್ವಿಚ್ ಕಡ್ಡಾಯ, ಏಕೆಂದರೆ ನಿಂತ ನೀರಿನಲ್ಲಿ ಹೈಡ್ರೋಜನ್ ತುಂಬಿಕೊಂಡರೆ ಕವಚವೇ ಸಿಡಿಯಬಹುದು. ಹಾಕಿಸಿದ ದಿನವೇ ಪಂಪ್ ಆಫ್ ಮಾಡಿ, ಸೆಲ್ ದೀಪ ಆರುತ್ತದೆಯೇ ನೋಡಿಕೊಳ್ಳಿ.