ಎಂ.ಜಿ. ಸ್ಟೇಡಿಯಂ ಹತ್ರದ ಬಾಲ್ ರಿಪೇರಿ ಅಂಗಡಿ, ತುಮಕೂರು: ಐದಕ್ಕೆ ನಾಲ್ಕೂವರೆ ಸ್ಟಾರ್

2025ರ ಆಗಸ್ಟ್ 30 ಯಾವಾಗ ಬರುತ್ತೋ ಅಂತ ದಿನ ಎಣಿಸ್ತಾ ಇದ್ದಾಗ ಬರೆದಿದ್ದು ಇದು. ಗಣೇಶನ ಹಬ್ಬ ಮುಗಿದು ಮೂರನೇ ದಿನ, ಶನಿವಾರ ರಾತ್ರಿ ನಮ್ಮ ಟೈಮಲ್ಲಿ ಒಂಬತ್ತೂವರೆಗೆ ಒಹಾಯೋ ಸ್ಟೇಟ್ ಟೀಮಿಂದು ಟೆಕ್ಸಸ್ ಜೊತೆ ಸೀಸನ್ನಿನ ಮೊದಲ್ನೇ ಮ್ಯಾಚು. ಇದು ಅಮೆರಿಕದ ಕಾಲೇಜ್ ಫುಟ್‌ಬಾಲ್ ಕಣ್ರಿ, ಕಾಲಲ್ಲಿ ಒದೆಯೋದು ಕಮ್ಮಿ, ಕೈಯಲ್ಲಿ ಎಸೆಯೋದು ಹಿಡಿಯೋದು ಎದೆಗವಚಿಕೊಂಡು ಓಡೋದೇ ಜಾಸ್ತಿ. ಎರಡು ವರ್ಷ ಈ ಒಹಾಯೋ ಸ್ಟೇಟ್ ಯೂನಿವರ್ಸಿಟಿ ಇರೋ ಕೊಲಂಬಸ್‌ನಲ್ಲಿ ಎಂ.ಎಸ್. ಓದುವಾಗ ಹಿಡಿದ ಹುಚ್ಚು, ತುಮಕೂರಿಗೆ ವಾಪಸ್ ಬಂದ್ರೂ ಬಿಟ್ಟಿಲ್ಲ. ಜನವರಿ 21ರ ಬೆಳಗ್ಗೆ ಆರು ಗಂಟೆಗೆ ಎದ್ದು ಕೂತು ನೋಡಿದ್ದೆ, ಫೈನಲಲ್ಲಿ ನೋಟರ್ ಡೇಮ್ ಟೀಮಿನ ಮೇಲೆ 34-23ಕ್ಕೆ ಗೆದ್ದು ನಮ್ಮೋರು ಚಾಂಪಿಯನ್ ಆದ್ರು, ಅವತ್ತಿಂದ ಏಳು ತಿಂಗಳು ಒಂದು ಮ್ಯಾಚೂ ಇಲ್ಲ.

ಈ ಬಿಡುವಲ್ಲೇ ಅಟ್ಟದ ಮೇಲಿದ್ದ ನನ್ನ ಹಳೇ ಬಾಲ್ ಕೆಳಗಿಳಿಸಿದೆ. ಗಾಳಿ ಪೂರ್ತಿ ಹೋಗಿ ಒಣಗಿದ ಬದನೆಕಾಯಿ ಥರ ಆಗಿತ್ತು, ಲೇಸು ಎರಡು ಕಡೆ ಹರಿದಿತ್ತು. ಊರಿಗೆ ಬಂದ ಫ್ರೆಂಡ್ ಕೈಲಿ ಹೊಸ ಬ್ಲಾಡರ್ (ಬಾಲ್ ಒಳಗೆ ಗಾಳಿ ಹಿಡಿಯೋ ರಬ್ಬರ್ ಚೀಲ), ಲೇಸು ತರಿಸ್ಕೊಂಡೆ, ಆದ್ರೆ ಹಾಕೋರು ಯಾರು? ಇನ್ನೊಂದು ದೊಡ್ಡ ಸ್ಪೋರ್ಟ್ಸ್ ಅಂಗಡಿಯೋರು ಬಾಲ್ ಕೈಗೂ ತಗೊಳ್ದೆ ಹೊಸದು ತಗೊಂಡ್ಬಿಡಿ ಸರ್ ಅಂದ್ರು. ಎಲ್ಲಿಂದ ತಗೊಳ್ಳೋದು ಇಲ್ಲಿ?

ಆಮೇಲೆ ಅಣ್ಣನ ಮಗ ಕರ್ಕೊಂಡು ಹೋಗಿದ್ದು ಈ ಅಂಗಡಿಗೆ. ಚಿಕ್ಕ ಮಳಿಗೆ, ಇಬ್ಬರು ನಿಂತ್ರೆ ಮೂರನೆಯವರು ರಸ್ತೇಲಿ ನಿಲ್ಬೇಕು. ಕ್ರಿಕೆಟ್ ಬ್ಯಾಟಿಗೆ ದಾರ ಸುತ್ತೋದು, ವಾಲಿಬಾಲ್ ಹೊಲಿಯೋದು, ಶಟಲ್ ರ್‍ಯಾಕೆಟ್ಟಿಗೆ ಗಟ್ಟಿಂಗ್ ಹಾಕೋದು ಇಷ್ಟೇ ಕೆಲಸ. ಯಜಮಾನ್ರಿಗೆ ಅರವತ್ತು ದಾಟಿರಬೇಕು. ಬಾಲ್ ನೋಡಿ, "ಏನ್ ಸ್ವಾಮಿ ಇದು, ಸಿಪ್ಪೆ ತೆಗೀದಿರೋ ತೆಂಗಿನಕಾಯಿ ಥರ ಇದೆ" ಅಂತ ನಕ್ಕು, ಕನ್ನಡಕ ಏರಿಸ್ಕೊಂಡು ಹೊಲಿಗೆ ಮೇಲೆಲ್ಲಾ ಹೆಬ್ಬೆರಳು ಆಡಿಸಿದ್ರು. ನಾಲ್ಕು ಪಟ್ಟಿ ಒಳಮುಖವಾಗಿ ಹೊಲಿದು ಆಮೇಲೆ ತಿರುವಿ ಹಾಕಿದಾರೆ ಅಂತ ನಾನು ಹೇಳೋಕ್ ಮುಂಚೇನೇ ಅವ್ರೇ ಹೇಳ್ಬಿಟ್ರು. ಅಲ್ಲೇ ನಂಗೆ ನಂಬಿಕೆ ಬಂತು.

ಕೆಲಸ ನೋಡೋಕೆ ಎದುರಿಗೇ ಕೂತಿದ್ದೆ. ಹಳೇ ಲೇಸ್ ಕತ್ತರಿಸಿ ಆ ಸೀಳಿನಿಂದ ಹಳೇ ಬ್ಲಾಡರ್ ಎಳೆದ್ರು, ಹೊಸದನ್ನ ವೀಳ್ಯದೆಲೆ ಮಡಿಸಿದ ಹಾಗೆ ಉದ್ದಕ್ಕೆ ಮಡಚಿ, ಸ್ವಲ್ಪ ಪೌಡರ್ ಹಚ್ಚಿ ಒಳಗೆ ತಳ್ಳಿ, ವಾಲ್ವು ತೂತಿಗೆ ಸರಿಯಾಗಿ ಕೂರೋ ತನಕ ಬೆರಳು ಹಾಕಿ ತಿರುಗಿಸ್ತಾನೇ ಇದ್ರು, ಒಂದು ಹತ್ತು ನಿಮಿಷ ಹಿಡೀತು ಅದೊಂದಕ್ಕೇ. ಆಮೇಲೆ ಅರ್ಧ ಗಾಳಿ ತುಂಬಿ ಲೇಸ್ ಹಾಕಿದ್ರು, ಎಂಟು ಅಡ್ಡ ಹೊಲಿಗೆ, ಒಂದೊಂದನ್ನೂ ಉಗುರಲ್ಲಿ ಒತ್ತಿ ಒಂದೇ ಬಿಗಿ ಬರೋ ಹಾಗೆ ಎಳೆದಿದ್ದಾರೆ. ಈ ಬಾಲಲ್ಲಿ ಲೇಸ್ ಅಂದ್ರೆ ಅಲಂಕಾರ ಅಲ್ಲ, ಬೆರಳು ಅದರ ಮೇಲೆ ಕೂತ್ರೇನೇ ಎಸೆದಾಗ ಬಾಲ್ ಬುಗುರಿ ಥರ ಸುತ್ತುತ್ತಾ ನೆಟ್ಟಗೆ ಹೋಗೋದು.

ಗಾಳಿ ವಿಷ್ಯದಲ್ಲಿ ಮಾತ್ರ ಒಂದು ಸಣ್ಣ ವಾದ ಆಯ್ತು. ವಾಲಿಬಾಲಿಗೆ ನಾಲ್ಕೂವರೆ ಪೌಂಡ್ ಒತ್ತಡ ಸಾಕಲ್ವಾ ಅಂತ ಪಂಪ್ ನಿಲ್ಲಿಸಿದ್ರು, ಇದಕ್ಕೆ 13 ಪೌಂಡ್ ಬೇಕು ಅಂದೆ. ಒಡೆದೋಗತ್ತೆ ಅಂತ ಹೆದರಿದ್ರು. ನಿಯಮದಲ್ಲೇ 12.5ರಿಂದ 13.5 ಅಂತ ಇದೆ ಅಂತ ಫೋನಲ್ಲಿ ತೋರಿಸಿದ ಮೇಲೆ ಮೀಟರ್ ನೋಡ್ಕೊಂಡು ನಿಧಾನಕ್ಕೆ ಏರಿಸಿದ್ರು.

ಲೇಸ್ ಕಟ್ಟೋವಾಗ ನಮ್ಮ ಟೀಮಿನ ಕಥೆ ಪೂರ್ತಿ ಕೇಳಿದ್ರು. ಹೋದ ಸಲದ ಹುಡುಗರಲ್ಲಿ 14 ಜನ ಡ್ರಾಫ್ಟಲ್ಲಿ (ಪ್ರೊಫೆಷನಲ್ ಟೀಮ್‌ಗಳು ಕಾಲೇಜ್ ಹುಡುಗರನ್ನ ಆರಿಸ್ಕೊಳ್ಳೋದು) ಅಲ್ಲಿನ ದೊಡ್ಡ ಲೀಗ್ ಎನ್‌ಎಫ್‌ಎಲ್‌ಗೆ ಹೋದ್ರು, ಬಾಲ್ ಎಸೆಯೋ ಕ್ವಾರ್ಟರ್‌ಬ್ಯಾಕ್ ವಿಲ್ ಹೊವಾರ್ಡ್ ಕೂಡ, ಆ ಜಾಗಕ್ಕೆ ಜೂಲಿಯನ್ ಸೇಯಿನ್ನಾ ಲಿಂಕನ್ ಕೀನ್‌ಹೋಲ್ಜಾ ಅಂತ ಆಗಿನ್ನೂ ಗೊತ್ತಾಗಿರಲಿಲ್ಲ. ಆದ್ರೆ ಜೆರೆಮಯಾ ಸ್ಮಿತ್ ಇದಾನೆ, ಮೊದಲ್ನೇ ವರ್ಷಾನೇ ಎಸೆದ ಬಾಲ್ ಹಿಡಿದು 1,315 ಯಾರ್ಡ್ ಮುಂದಕ್ಕೆ ಒಯ್ದು, 15 ಟಚ್‌ಡೌನ್ (ಎದುರಾಳಿ ಗೆರೆ ದಾಟಿಸಿ ಹೊಡೆಯೋ ಸ್ಕೋರು) ಮಾಡಿದೋನು, ಅವನ ಕಡೆ ಬಾಲ್ ನೆಟ್ಟಗೆ ಎಸೆಯೋನು ಒಬ್ಬ ಸಿಕ್ರೆ ಸಾಕು. "ಕಾಲೇಜ್ ಟೀಮ್ ಅಂದ್ರೆ ಹಂಗೇನೇ, ನಾನು ಬಾಲ್ ಹೊಲಿದುಕೊಟ್ಟ ಹುಡುಗ್ರು ಮೂರು ವರ್ಷ ಆಡ್ತಾರೆ, ನಾಲ್ಕನೇ ವರ್ಷ ಬೇರೆ ಮುಖ" ಅಂದ್ರು ಯಜಮಾನ್ರು. ನಂಗೆ ಈ ಆಟ ಹಿಡಿಸೋದೂ ಅದಕ್ಕೇ, ಪ್ರತಿ ವರ್ಷ ಟೀಮ್ ಹೊಸದು, ಆಸೆನೂ ಹೊಸದು. ನಮ್ಮ ಹಳೇ ಎದುರಾಳಿ ಮಿಶಿಗನ್ ಟೀಮಿನ ಮೇಲೆ 2021ರಿಂದ 2024ರ ತನಕ ನಾಲ್ಕೂ ವರ್ಷ ಸೋತಿದ್ದನ್ನೂ ಹೇಳ್ದೆ. 2025ರ ನವೆಂಬರ್ 29ಕ್ಕೆ ಅವರ ಊರು ಆನ್ ಆರ್ಬರ್‌ಗೇ ಹೋಗಿ ಆಡ್ಬೇಕಿತ್ತು, ಆ ಸಲ ಗೆಲ್ಲಲೇಬೇಕು ಅಂತ ನನ್ನಾಸೆ.

ಅರ್ಧ ಸ್ಟಾರ್ ಯಾಕೆ ಕಟ್ ಅಂದ್ರೆ, ಮೊದಲು ಬಾಲ್ ಕೊಟ್ಟಾಗ ಎರಡು ದಿನ ಬಿಟ್ಟು ಬನ್ನಿ ಅಂದೋರು ಆರನೇ ದಿನಕ್ಕೆ ಕೈಗೆತ್ತಿಕೊಂಡ್ರು, ಫೋನೂ ಎತ್ತಲ್ಲ. ಗಾಡಿ ನಿಲ್ಸೋಕೆ ಜಾಗ ಇಲ್ಲ, ನಡ್ಕೊಂಡೇ ಹೋಗಿ. ಕೂಲಿ ₹250 ತಗೊಂಡ್ರು, ಅದು ಕಮ್ಮಿನೇ ಅಂತ ನನ್ನ ಭಾವನೆ, ನೂರು ಜಾಸ್ತಿ ಕೊಡೋಕೆ ಹೋದ್ರೆ ಇಸ್ಕೊಳ್ಳಲಿಲ್ಲ.

ಈಗ ಮೂರು ವಾರ ಆಯ್ತು. ದಿನಾ ಬೆಳಗ್ಗೆ ಅಮಾನಿಕೆರೆ ಪಾರ್ಕ್ ಹತ್ರ ನಾನೂ ಅಣ್ಣನ ಮಗಾನೂ ಎಸೆದಾಡ್ತೀವಿ, ಒಂದು ಚೂರೂ ಗಾಳಿ ಇಳಿದಿಲ್ಲ, ಲೇಸ್ ಸಡಿಲ ಆಗಿಲ್ಲ. ಹುಡುಗ ನಿನ್ನೆ ಮೊದಲ್ನೇ ಸಲ ಓಡ್ತಾ ಓಡ್ತಾ ಭುಜದ ಮೇಲಿಂದ ಬಂದ ಬಾಲ್ ಹಿಡಿದ. 30ನೇ ತಾರೀಕು ರಾತ್ರಿ ಮ್ಯಾಚ್ ನೋಡೋಕೆ ಯಜಮಾನ್ರನ್ನ ಮನೆಗೆ ಕರೆದಿದೀನಿ, ಬರ್ತೀನಿ ಅಂದಿದಾರೆ.