ಹಳೆ ಮದುವೆ ವಿಡಿಯೊಗಳಿಗೆ ಯಾವ ಸಾಫ್ಟ್‌ವೇರ್? ಹ್ಯಾಂಡ್‌ಬ್ರೇಕ್, ಶಟರ್ ಎನ್‌ಕೋಡರ್, ಎಫ್‌ಎಫ್‌ಎಂಪೆಗ್, ವಿಎಲ್‌ಸಿ ಬಳಸಿ ನೋಡಿದ ಮೇಲೆ

ನಮ್ಮ ಕೊಡಗಿನಲ್ಲಿ ಬೀರು ತೆಗೆದರೆ ಸಾಕು, ಏನಾದರೊಂದು ಸಿಗುತ್ತದೆ. ಮದುವೆಯ ವಿಸಿಡಿ, ಮಿನಿಡಿವಿ ಟೇಪು, ಐನ್‌ಮನೆಯಲ್ಲಿ (ಕುಟುಂಬದ ಮೂಲಮನೆ) ಸುಗ್ಗಿ ಹಬ್ಬ ಪುತ್ತರಿಗೆ ಕದಿರು ತೆಗೆದ ರಾತ್ರಿಯ ಕ್ಯಾಮ್‌ಕಾರ್ಡರ್ ಫೈಲು. ಮಳೆಗಾಲದ ತೇವಕ್ಕೆ ಟೇಪಿಗೆ ಬೂಷ್ಟು ಹಿಡಿಯುತ್ತದೆ, ಹಾಗಾಗಿ ಇವನ್ನೆಲ್ಲ ಬೇಗ ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು. ಇಳಿಸಿದ ಮೇಲೆ ಇನ್ನೊಂದು ಗೋಳು ಶುರು. ಒಂದು ಫೈಲು ಟಿವಿಯಲ್ಲಿ ಓಡುವುದಿಲ್ಲ, ಇನ್ನೊಂದು ಮೊಬೈಲಿನಲ್ಲಿ ತೆರೆಯುವುದಿಲ್ಲ, ಮತ್ತೊಂದು ಪೆನ್‌ಡ್ರೈವಿಗೆ ಹಿಡಿಸುವುದಿಲ್ಲ.

ಆನ್‌ಲೈನ್‌ನಲ್ಲಿ ಪರಿವರ್ತಿಸುವ ಸೈಟುಗಳಿವೆ, ನಿಜ. ಆದರೆ ಒಂದು ಗಂಟೆಯ ಮಿನಿಡಿವಿ ಟೇಪು ಸುಮಾರು 13 ಜಿಬಿ ಆಗುತ್ತದೆ. ಎಸ್ಟೇಟ್ ಮನೆಯ ನೆಟ್‌ನಲ್ಲಿ ಅದನ್ನು ಅಪ್‌ಲೋಡ್ ಮಾಡಲು ಆಗುತ್ತದಾ? ಅದಕ್ಕೇ ನಾನು ಡೆಸ್ಕ್‌ಟಾಪ್ ಸಾಫ್ಟ್‌ವೇರ್‌ಗಳನ್ನೇ ನೆಚ್ಚಿಕೊಂಡಿದ್ದೇನೆ. ಇಲ್ಲಿ ಹೇಳುವುದೆಲ್ಲ ಉಚಿತವಾಗಿ ಸಿಗುವಂಥವು.

ಹೋಲಿಸುವ ಮೊದಲು ಒಂದು ವಿಷಯ ಗೊತ್ತಿರಬೇಕು. ಎಂಪಿ4, ಎಂಕೆವಿ, ಕ್ಯಾಮ್‌ಕಾರ್ಡರ್‌ನ ಎಂಟಿಎಸ್ ಎಲ್ಲವೂ ಚೀಲಗಳು ಮಾತ್ರ. ಒಳಗಿನ ಕಾಫಿ ಬೀಜ, ಅಂದರೆ ಚಿತ್ರ ಮತ್ತು ಧ್ವನಿ, ಬೇರೆ. ಬೀಜವನ್ನು ಒಂದು ಚೀಲದಿಂದ ಇನ್ನೊಂದಕ್ಕೆ ಸುರಿದರೆ ಬೀಜಕ್ಕೆ ಏನೂ ಆಗುವುದಿಲ್ಲ. ಅದೇ ಹುರಿದು ಪುಡಿ ಮಾಡಿಬಿಟ್ಟರೆ ಮತ್ತೆ ಬೀಜ ಮಾಡಲಾಗದು. ಮೊದಲನೆಯದಕ್ಕೆ ರೀವ್ರ್ಯಾಪ್ ಅಂತಾರೆ, ಎರಡನೆಯದು ರೀ-ಎನ್‌ಕೋಡ್. ಜನ ಬಹಳ ಸಲ ಬರೀ ಚೀಲ ಬದಲಿಸಬೇಕಾದ ಕಡೆ ಸುಮ್ನೆ ಹುರಿದುಬಿಡುತ್ತಾರೆ. ಒಮ್ಮೆ ಹೋದ ಚಿತ್ರದ ವಿವರ ಆಮೇಲೆ ಯಾವ ಸಾಫ್ಟ್‌ವೇರ್ ಹಾಕಿದರೂ ಬರುವುದಿಲ್ಲ.

ರೀವ್ರ್ಯಾಪ್ ವಿಷಯದಲ್ಲಿ ಶಟರ್ ಎನ್‌ಕೋಡರ್‌ಗೆ ನನ್ನ ಓಟು. ಎಂಟಿಎಸ್ ಫೈಲುಗಳನ್ನು ಎಳೆದು ಹಾಕಿ, ಪಟ್ಟಿಯಲ್ಲಿ ರೀವ್ರ್ಯಾಪ್ ಆರಿಸಿ, ಎಂಕೆವಿ ಅಥವಾ ಎಂಪಿ4 ಎಂದರೆ ಮುಗಿಯಿತು. ದೊಡ್ಡ ಫೈಲಾದರೂ ಕಾಪಿ ಮಾಡುವಷ್ಟೇ ಹೊತ್ತು. ರೀ-ಎನ್‌ಕೋಡ್ ಮಾಡದೆ ಕತ್ತರಿಸುವುದೂ ಇದರಲ್ಲಿದೆ. ಆದರೆ ಹಾಗೆ ಕತ್ತರಿಸುವಾಗ ಆರಂಭ ಕೀಫ್ರೇಮ್‌ಗೆ (ಪೂರ್ತಿ ಚಿತ್ರವಾಗಿ ಉಳಿಸಿದ ಫ್ರೇಮು) ಹೊಂದಿಕೊಳ್ಳುತ್ತದೆ, ನೀವು ತೋರಿಸಿದ ಜಾಗಕ್ಕಿಂತ ಸ್ವಲ್ಪ ಹಿಂದಕ್ಕೆ ಹೋಗಬಹುದು. ಮನೆ ವಿಡಿಯೊಗೆ ಅದೇನೂ ತೊಂದರೆ ಅಲ್ಲ.

ಇದೇ ಕೆಲಸವನ್ನು ಎಫ್‌ಎಫ್‌ಎಂಪೆಗ್‌ನಲ್ಲಿ ಒಂದು ಸಾಲಿನ ಕಮಾಂಡ್ ಮಾಡುತ್ತದೆ. 2000ದಲ್ಲಿ ಫ್ಯಾಬ್ರಿಸ್ ಬೆಲಾರ್ಡ್ ಶುರು ಮಾಡಿದ ಯೋಜನೆ ಇದು. ಶಟರ್ ಎನ್‌ಕೋಡರ್‌ನ ಒಳಗೆ ದುಡಿಯುವುದೂ ಇದೇ. ಒಂದು ಫೋಲ್ಡರ್ ತುಂಬ ಫೈಲುಗಳಿದ್ದರೆ, ಕಪ್ಪು ಪರದೆಯಲ್ಲಿ ಟೈಪ್ ಮಾಡಲು ಅಂಜಿಕೆ ಇಲ್ಲದಿದ್ದರೆ, ಇದಕ್ಕೆ ಸಾಟಿ ಇಲ್ಲ. ಮನೆಯ ಹಿರಿಯರಿಗೆ ಕಲಿಸಿಕೊಡಬೇಕು ಅಂದರೆ ಮಾತ್ರ ಶಟರ್ ಎನ್‌ಕೋಡರ್ರೇ ಸರಿ.

ಹ್ಯಾಂಡ್‌ಬ್ರೇಕ್‌ಗೆ ರೀವ್ರ್ಯಾಪ್ ಬರುವುದೇ ಇಲ್ಲ. ಚಿತ್ರವನ್ನು ಅದು ಯಾವಾಗಲೂ ಹೊಸದಾಗಿ ಎನ್‌ಕೋಡ್ ಮಾಡುತ್ತದೆ. ಆದರೂ ಟೇಪಿನ ವಿಡಿಯೊ ಬಂದಾಗ ನಾನು ಮೊದಲು ತೆರೆಯುವುದು ಇದನ್ನೇ.

ಕಾರಣ ಇಂಟರ್‌ಲೇಸ್. ಮಿನಿಡಿವಿಯಲ್ಲಿ ಚಿತ್ರದ ಅಳತೆ 720×576, ಸೆಕೆಂಡಿಗೆ 25 ಫ್ರೇಮು. ಆದರೆ ಪ್ರತಿ ಫ್ರೇಮಿನಲ್ಲೂ ಎರಡು ಅರ್ಧಗಳಿವೆ. ಒಂದು ಬಿಟ್ಟು ಒಂದು ಗೆರೆ ಈ ಕ್ಷಣದ್ದು, ಉಳಿದವು ಸೆಕೆಂಡಿನ ಐವತ್ತನೇ ಒಂದು ಭಾಗದಷ್ಟು ಆಚೆಯದು. ಬೊಳಕಾಟಿನಲ್ಲಿ ಗಂಡಸರು ಚವರಿ ಬೀಸುತ್ತ ದೀಪದ ಸುತ್ತ ಕುಣಿಯುವುದನ್ನು ಕಂಪ್ಯೂಟರಿನಲ್ಲಿ ನೋಡಿ. ಕೈ ಆಡಿದ ಕಡೆಯೆಲ್ಲ ಅಡ್ಡ ಗೆರೆಗಳು ಎದ್ದು ಕಾಣುತ್ತವೆ. ಹ್ಯಾಂಡ್‌ಬ್ರೇಕ್‌ನ ಫಿಲ್ಟರ್ ಪುಟದಲ್ಲಿ ಈ ಗೆರೆಗಳನ್ನು ತೆಗೆಯುವ ಡಿಇಂಟರ್‌ಲೇಸ್ ಆರಿಸಿ, ಬಾಬ್ ಅನ್ನುವ ಆಯ್ಕೆ ಹಾಕಿ, ಫ್ರೇಮ್ ದರವನ್ನು 50ಕ್ಕೆ ಇಟ್ಟರೆ ಎರಡು ಅರ್ಧಗಳೂ ಬೇರೆ ಬೇರೆ ಪೂರ್ತಿ ಫ್ರೇಮುಗಳಾಗುತ್ತವೆ. ಕುಣಿತ ಕಣ್ಣಿಗೆ ನಯವಾಗಿ ಕಾಣುತ್ತದೆ. ಬರೀ 25ಕ್ಕೆ ಇಳಿಸಿದರೆ ಅರ್ಧದಷ್ಟು ಚಲನೆಯನ್ನು ಎಸೆದಂತೆ. ಶಟರ್ ಎನ್‌ಕೋಡರ್‌ನಲ್ಲೂ ಡಿಇಂಟರ್‌ಲೇಸ್ ಇದೆ, ಆದರೆ ಹ್ಯಾಂಡ್‌ಬ್ರೇಕ್‌ನಲ್ಲಿ ಹುಡುಕಬೇಕಾಗಿಲ್ಲ, ಚಿಕ್ಕ ತುಣುಕಿನ ಪ್ರಿವ್ಯೂ ಮಾಡಿ ನೋಡಿಕೊಳ್ಳಬಹುದು.

ಗುಣಮಟ್ಟಕ್ಕೆ ಆರ್‌ಎಫ್ ಅನ್ನುವ ಅಂಕಿ ಇದೆ. ಅಂಕಿ ಕಡಿಮೆಯಾದಷ್ಟೂ ಚಿತ್ರ ಚೆನ್ನ, ಫೈಲು ದೊಡ್ಡದು. ಈ ಅಳತೆಯ ಹಳೆ ವಿಡಿಯೊಗೆ 18ರಿಂದ 22 ಸರಿ ಅಂತ ಹ್ಯಾಂಡ್‌ಬ್ರೇಕ್‌ನವರೇ ಹೇಳುತ್ತಾರೆ. ನಮ್ಮ ಮದುವೆಗಳಿಗೆ ನಾನು 18ನ್ನೇ ಇಡುತ್ತೇನೆ. ಕಪ್ಪು ಕುಪ್ಯ ತೊಟ್ಟವರು ಮಂಕು ಬೆಳಕಿನಲ್ಲಿ ನಿಂತ ದೃಶ್ಯ ಇದ್ದೇ ಇರುತ್ತದೆ ಅಲ್ವಾ? ಅಂಕಿ ಜಾಸ್ತಿ ಮಾಡಿದರೆ ಮೊದಲು ಕೆಡುವುದು ಅದೇ. ಕಪ್ಪು ಬಟ್ಟೆಯೆಲ್ಲ ಚೌಕ ಚೌಕವಾಗಿ ಒಡೆದು, ಸೊಂಟದ ಪೀಚೆಕತ್ತಿಯ ಬೆಳ್ಳಿ ಕೆಲಸ ಕಲಸಿಹೋಗುತ್ತದೆ.

ಇನ್ನು ಕರೆಂಟಿನ ಮಾತು. ಜೂನ್‌ನಿಂದ ಆಗಸ್ಟ್‌ವರೆಗೆ ಮರ ಬಿದ್ದು ಲೈನ್ ಹೋಗುವುದು ನಮಗೆ ಹೊಸದಲ್ಲ. ಎಂಪಿ4 ಫೈಲಿನ ಸೂಚಿಯನ್ನು ಸಾಮಾನ್ಯವಾಗಿ ಕೆಲಸದ ಕೊನೆಯಲ್ಲಿ ಬರೆಯಲಾಗುತ್ತದೆ. ಮಧ್ಯೆ ಕಂಪ್ಯೂಟರ್ ಆಫ್ ಆದರೆ ಅಲ್ಲಿವರೆಗಿನದ್ದೂ ತೆರೆಯುವುದಿಲ್ಲ. ಎಂಕೆವಿ ಹಾಗಲ್ಲ, ನಿಂತಲ್ಲಿವರೆಗೆ ಓಡುತ್ತದೆ. ಹಾಗಾಗಿ ಮಳೆಗಾಲದಲ್ಲಿ ಎಂಕೆವಿಗೆ ಎನ್‌ಕೋಡ್ ಮಾಡಿ, ಆಮೇಲೆ ಶಟರ್ ಎನ್‌ಕೋಡರ್‌ನಲ್ಲಿ ಎಂಪಿ4ಗೆ ಸುರಿದುಕೊಳ್ಳಿ. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡುತ್ತಿದ್ದರೆ ಇಂಟೆಲ್ ಚಿಪ್‌ನೊಳಗಿನ ಕ್ವಿಕ್ ಸಿಂಕ್‌ನಂಥ ಹಾರ್ಡ್‌ವೇರ್ ಎನ್‌ಕೋಡರ್ ಬೇಗ ಮುಗಿಸುತ್ತದೆ. ಅಷ್ಟೇ ಗುಣಮಟ್ಟಕ್ಕೆ ಫೈಲು ಮಾತ್ರ ದೊಡ್ಡದಾಗುತ್ತದೆ.

ವಿಎಲ್‌ಸಿ ನೋಡಲು ಬಹಳ ಒಳ್ಳೆಯದು. ವಿಸಿಡಿಯ ಡ್ಯಾಟ್ ಫೈಲನ್ನೂ ಓಡಿಸುತ್ತದೆ. ಪರಿವರ್ತನೆಯೂ ಅದರಲ್ಲಿದೆ, ಆದರೆ ಸೆಟ್ಟಿಂಗ್‌ಗಳು ಎಲ್ಲೋ ಒಳಗೆ ಅಡಗಿವೆ. ಒಂದು ಚಿಕ್ಕ ಕ್ಲಿಪ್ಪಿಗೆ ಸಾಕು. ಅಂದಹಾಗೆ ವಿಸಿಡಿಯ ಚಿತ್ರ ಬರೀ 352×288. ಅದನ್ನು ಫುಲ್ ಎಚ್‌ಡಿಗೆ ಹಿಗ್ಗಿಸಿ ಕೊಡುತ್ತೇವೆ ಎಂದು ದುಡ್ಡು ಕೇಳುವವರಿದ್ದಾರೆ. ಅಳತೆಯನ್ನಷ್ಟೇ ಹಿಗ್ಗಿಸಿದರೆ ಇಲ್ಲದ ವಿವರ ಹುಟ್ಟುವುದಿಲ್ಲ. ಮೂಲ ಫೈಲನ್ನು ಹಾಗೇ ಹಾರ್ಡ್‌ಡಿಸ್ಕಿಗೆ ಕಾಪಿ ಮಾಡಿ ಇಟ್ಟುಕೊಳ್ಳಿ, ಸಾಕು.

ದುಡಿ ಬಾರಿಸುತ್ತ ಹಾಡುವ ದುಡಿಕೊಟ್ಟ್ ಪಾಟ್‌ನ ಧ್ವನಿ ಮಾತ್ರ ಬೇಕು ಅನ್ನುವವರು ಜಾಸ್ತಿ. ಹ್ಯಾಂಡ್‌ಬ್ರೇಕ್ ಬರೀ ಧ್ವನಿಯ ಫೈಲು ಕೊಡುವುದಿಲ್ಲ. ಶಟರ್ ಎನ್‌ಕೋಡರ್‌ನಲ್ಲಿ ವೇವ್ ಫೈಲು ಮಾಡಿಕೊಂಡು, ಧ್ವನಿ ತಿದ್ದುವ ಸಾಫ್ಟ್‌ವೇರ್ ಒಡಾಸಿಟಿಯಲ್ಲಿ ತೆರೆಯುವುದು ನನ್ನ ದಾರಿ. ವಿಡಿಯೊವನ್ನೇ ನೇರವಾಗಿ ಒಡಾಸಿಟಿಗೆ ಹಾಕಬೇಕಾದರೆ ವಿಂಡೋಸ್‌ನಲ್ಲಿ ಎಫ್‌ಎಫ್‌ಎಂಪೆಗ್ ಲೈಬ್ರರಿ ಬೇರೆ ಸೇರಿಸಬೇಕು.

ಒಡಾಸಿಟಿಯ ನಾಯ್ಸ್ ರಿಡಕ್ಷನ್ ಜನರೇಟರಿನ ಗುಂಯ್ ಶಬ್ದಕ್ಕೆ ಚೆನ್ನಾಗಿ ಕೆಲಸ ಮಾಡುತ್ತದೆ. ಆ ಶಬ್ದ ಒಂದೇ ಸಮ ಇರುತ್ತದೆ ನೋಡಿ. ಹೆಂಚಿನ ಮೇಲಿನ ಮಳೆ ಹಾಗಲ್ಲ, ಕ್ಷಣಕ್ಕೊಂದು ಬಗೆ. ಮಳೆಯನ್ನು ಪೂರ್ತಿ ಅಳಿಸಲು ಹೋದರೆ ದುಡಿಯ ಪೆಟ್ಟಿನ ಬಾಲವೂ ಹೋಗಿ, ಹಾಡುವವರ ದನಿ ನೀರೊಳಗಿಂದ ಬಂದಂತೆ ಕೇಳಿಸುತ್ತದೆ. ಅದನ್ನು 6 ಡೆಸಿಬಲ್‌ಗೆ ಇಡಿ. ಸ್ವಲ್ಪ ಮಳೆ ಉಳಿಯಲಿ, ಅದೂ ನಮ್ಮೂರಿನ ಶಬ್ದವೇ.

ದನಿ ಸಣ್ಣಗಿದ್ದರೆ ನಾರ್ಮಲೈಸ್ ಸಾಲದು. ಅದು ಅತಿ ದೊಡ್ಡ ಪೆಟ್ಟನ್ನು ನೋಡಿ ಅಳೆಯುತ್ತದೆ, ದುಡಿಯ ಒಂದೇ ಒಂದು ಜೋರು ಪೆಟ್ಟು ಎಲ್ಲವನ್ನೂ ತಡೆದುಬಿಡುತ್ತದೆ. ಮೊದಲು ಲಿಮಿಟರ್ ಹಾಕಿ ಆ ಪೆಟ್ಟುಗಳನ್ನು ತಗ್ಗಿಸಿ, ಆಮೇಲೆ ಲೌಡ್‌ನೆಸ್ ನಾರ್ಮಲೈಸೇಶನ್‌ನಲ್ಲಿ ಮೈನಸ್ 16 ಎಲ್‌ಯುಎಫ್‌ಎಸ್ (ಕೇಳಿಸುವ ಜೋರಿನ ಅಳತೆ) ಇಡಿ. ವಾಟ್ಸಾಪ್ ಗುಂಪಿಗೆ ಎಂಪಿ3 ಕಳಿಸಿ. ಮನೆಯಲ್ಲಿ ಇಡುವ ಕಾಪಿ ಗುಣಮಟ್ಟ ಕಳೆಯದ ಫ್ಲ್ಯಾಕ್‌ನಲ್ಲಿರಲಿ, ಫಿಲ್ಟರ್ ಹಾಕದ ಮೂಲ ವೇವ್ ಕೂಡ ಅದರ ಪಕ್ಕದಲ್ಲೇ ಇರಲಿ.